ಮುರಕಲ್ಲು (ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು) ತೆಗೆದು ಬಿಟ್ಟ ಕೋರೆಯಲ್ಲಿ, ಅಂದರೆ ಕಲ್ಲು ಕಡಿದ ಗುಂಡಿಯಲ್ಲಿ, ಮತ್ತೆ ತೋಟ ಮಾಡಬಹುದಾ?

ಮಾಡಬಹುದು. ಆದರೆ ತಳದಲ್ಲಿ ಸುಮ್ನೆ ಸಸಿ ನೆಟ್ಟರೆ ಬದುಕುವುದಿಲ್ಲ. ಕಲ್ಲು ಕೊಯ್ದ ಮೆಷಿನ್ನಿನ ಗೆರೆಗಳು ಅಲ್ಲಿ ಹಾಗೇ ಇರುತ್ತವೆ, ಬೇರು ಇಳಿಯಲು ಮಣ್ಣೇ ಇಲ್ಲ. ನಮ್ಮ ಮಂಗಳೂರು, ಉಡುಪಿ ಕಡೆ ಮುರಕಲ್ಲಿನ ಮೇಲಿನ ಮಣ್ಣು ಮೊದಲೇ ತೆಳು. ತೆರೆದ ಕಲ್ಲಿದ್ದಲು ಗಣಿಗಳಲ್ಲಿ ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು, ಗುಂಡಿ ತುಂಬಿದ ಮೇಲೆ ಮತ್ತೆ ಹರಡುತ್ತಾರೆ; ಅಮೆರಿಕದಲ್ಲಿ 1977ರಿಂದ ಇದಕ್ಕೆ ಕಾನೂನೇ ಇದೆ. ನಮ್ಮಲ್ಲೂ ಕಲ್ಲು ಕಡಿಯುವ ಮೊದಲೇ ಇದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ನಿಮ್ಮದು ಈಗಾಗಲೇ ಕಡಿದಾಗಿದೆ ಅಲ್ವಾ? ಮೊದಲು ಅಂಚಿಗೆ ಬೇಲಿ ಹಾಕಿಸಿ. ಮಳೆಗಾಲದಲ್ಲಿ ನೀರು ತುಂಬಿದ ಕೋರೆ ಮಕ್ಕಳ ಜೀವಕ್ಕೇ ಅಪಾಯ. ಆಮೇಲೆ ಕಲ್ಲಿನ ಚೂರು ಕೆಳಗೆ, ಮಣ್ಣು ಮೇಲೆ ಬರುವಂತೆ ತುಂಬಿಸಿ. ಒಂದೆರಡು ವರ್ಷ ಹಸಿರೆಲೆ ಗೊಬ್ಬರದ ಗಿಡ ಬೆಳೆಸಿ, ಸೊಪ್ಪು ಅಲ್ಲೇ ಕೊಳೆಯಲು ಬಿಡಿ. ಅಡಿಕೆಗೆ ಅವಸರ ಬೇಡ, ಮೊದಲು ಗೇರು ನೆಡಿ.