ಎಂ67 ಸಿಗದ ಆ ರಾತ್ರಿಯನ್ನೇ ಬರೆಯಿರಿ

ನಮಸ್ಕಾರ,

ನೀವು ಕಳಿಸಿದ 'ದೂರದರ್ಶಕ ಆಧಾರಗಳ ಗುರಿ ನಿಖರತೆ: ಒಂದು ಅವಲೋಕನ' ಓದಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಯಾಕೆಂದರೆ ಕೊನೆಯ ಪುಟದಲ್ಲಿ, ನೀವೇ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಪ್ಯಾರಾದಲ್ಲಿ, ಒಳ್ಳೆಯ ಲೇಖನವೊಂದು ಅಡಗಿ ಕೂತಿದೆ.

ಮೊದಲ ಮೂರು ಪುಟ ಕಿತ್ತುಹಾಕಿ. 1609ರ ಗೆಲಿಲಿಯೋ, ಟೆಲಿಸ್ಕೋಪಿನ ವಿಧಗಳು, ಈಕ್ವಟೋರಿಯಲ್ ಮೌಂಟ್ ಎಂದರೇನು, ಯಾವುದೂ ಬೇಡ. ಗೋಟೂ ಮೌಂಟ್ (ಕೇಳಿದ ನಕ್ಷತ್ರದ ಕಡೆಗೆ ಟೆಲಿಸ್ಕೋಪನ್ನು ತಾನೇ ತಿರುಗಿಸುವ ಆಧಾರ) ಕೊಂಡು, ಅಷ್ಟು ಭಾರವನ್ನು ಮೆಟ್ಟಿಲು ಹತ್ತಿಸಿ ತಾರಸಿಗೆ ಹೊತ್ತವರು ನಿಮ್ಮ ಓದುಗರು. ಅವರಿಗೆ ಇದೆಲ್ಲ ಗೊತ್ತು. ಇನ್ನೊಂದು: ಪೋಲಾರ್ ಅಲೈನ್‌ಮೆಂಟನ್ನು (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದನ್ನು) 'ಧ್ರುವೀಯ ಸಂರೇಖಣ' ಅಂದಿದ್ದೀರಿ. ನೀವು ತಾರಸಿಯ ಮೇಲೆ ಹಾಗೆ ಮಾತಾಡುತ್ತೀರಾ? ಇಲ್ಲ ಅಲ್ವಾ.

ಈಗ ಆ ಪ್ಯಾರಾಕ್ಕೆ ಬರೋಣ. ಏಪ್ರಿಲ್ ರಾತ್ರಿ, ಹನ್ನೊಂದು ಗಂಟೆ. ಸ್ವಾತಿ ನಕ್ಷತ್ರದ ಮೇಲೆ ಅಲೈನ್ ಮಾಡಿ ಮಗಳಿಗೆ ಎಂ67 ನಕ್ಷತ್ರಗುಚ್ಛ ತೋರಿಸಲು ಹೋದಿರಿ. ಅವಳು ಕಣ್ಣಿಟ್ಟು, "ಅಪ್ಪಾ, ಇಲ್ಲಿ ಬರೀ ಕತ್ತಲೆ" ಅಂದಳು. ಆಮೇಲೆ ಹಟ ಹಿಡಿದು ನಾಲ್ಕು ನಕ್ಷತ್ರಗಳಿಗೆ ತಿರುಗಿಸಿ ಎಷ್ಟೆಷ್ಟು ತಪ್ಪಿತು ಅಂತ ಬರೆದಿದ್ದೀರಿ. ಸ್ವಾತಿ ನಡುವೆ, ಚಿತ್ತಾ 4 ಆರ್ಕ್‌ಮಿನಿಟ್, ಮಘಾ 28, ಪೊಲಕ್ಸ್ 31 (60 ಆರ್ಕ್‌ಮಿನಿಟ್ ಅಂದರೆ ಒಂದು ಡಿಗ್ರಿ). ಬರೆದು ಅಲ್ಲಿಗೇ ಬಿಟ್ಟಿದ್ದೀರಿ! ಮುಂದಿನ ಸಾಲಿನಲ್ಲೇ 'ಆದ್ದರಿಂದ ಪೀರಿಯಾಡಿಕ್ ಎರರ್ ಸರಿಪಡಿಸುವುದು ಅಗತ್ಯ' ಅನ್ನುತ್ತೀರಿ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಪೀರಿಯಾಡಿಕ್ ಎರರ್ ಅಂದರೆ ವರ್ಮ್ ಗೇರ್ ಸುತ್ತುವಾಗ ಬರುವ ಸಣ್ಣ ಓಲಾಟ, ಸಾಮಾನ್ಯ ಮೌಂಟಿನಲ್ಲಿ ಹತ್ತಾರು ಆರ್ಕ್‌ಸೆಕೆಂಡ್ ಇರಬಹುದು. ಒಂದು ಆರ್ಕ್‌ಮಿನಿಟಿಗೆ 60 ಆರ್ಕ್‌ಸೆಕೆಂಡ್, ಹಾಗಾಗಿ ನಿಮ್ಮ ತಪ್ಪು ಸುಮಾರು 1800 ಆರ್ಕ್‌ಸೆಕೆಂಡ್. ಪೀರಿಯಾಡಿಕ್ ಎರರ್ ಫೋಟೋದಲ್ಲಿ ನಕ್ಷತ್ರಗಳನ್ನು ಎಳೆಯುತ್ತದೆ, ಎಂ67 ಕಾಣೆಯಾಗಿಸುವುದಿಲ್ಲ. ಗುರಿ ಮುಟ್ಟುವುದು ಬೇರೆ, ಮುಟ್ಟಿದ್ದನ್ನು ಹಿಡಿದುಕೊಂಡು ಹೋಗುವುದು ಬೇರೆ. ನಿಮ್ಮ ಲೇಖನದಲ್ಲಿ ಇವೆರಡೂ ಕಲಸಿಹೋಗಿವೆ.

ಆ ನಾಲ್ಕು ಅಂಕಿಗಳನ್ನೇ ಮತ್ತೆ ನೋಡಿ. ಆ ಹೊತ್ತಿಗೆ ಸ್ವಾತಿ, ಚಿತ್ತಾ ಎರಡೂ ಪೂರ್ವದಲ್ಲಿ. ಮಘಾ, ಪೊಲಕ್ಸ್ ನೆತ್ತಿ ದಾಟಿ ಪಶ್ಚಿಮದಲ್ಲಿ. ಅಂದರೆ ಮೌಂಟ್ ಕೊಳವೆಯನ್ನು ಮಗುಚಿ ಆಚೆ ಬದಿಗೆ ಹಾಕಿಕೊಂಡ ಕೂಡಲೇ ಅರ್ಧ ಡಿಗ್ರಿ ತಪ್ಪಿದೆ, ಎರಡೂ ಸಲ ಒಂದೇ ಕಡೆಗೆ. ಇದು ಕೋನ್ ಎರರ್ ಇರಬೇಕು. ಕೊಳವೆ ಡೆಕ್ಲಿನೇಷನ್ ಅಕ್ಷಕ್ಕೆ (ಅದನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸುವ ಅಕ್ಷ) ನೇರ ಲಂಬವಾಗಿ ಕೂತಿಲ್ಲ. ಖಚಿತಪಡಿಸಿಕೊಳ್ಳಲು ನೆತ್ತಿಗೆರೆಯ (ಉತ್ತರದಿಂದ ನೆತ್ತಿಯ ಮೇಲೆ ದಕ್ಷಿಣಕ್ಕೆ ಹೋಗುವ ಗೆರೆ) ಹತ್ತಿರದ ಒಂದೇ ನಕ್ಷತ್ರವನ್ನು ಮೊದಲು ಒಂದು ಬದಿಯಿಂದ, ಮಗುಚಿದ ಮೇಲೆ ಇನ್ನೊಂದು ಬದಿಯಿಂದ ನೋಡಿ. ನಕ್ಷತ್ರ ಅದೇ ಆದ್ದರಿಂದ ಪೋಲಾರ್ ಅಲೈನ್‌ಮೆಂಟಿನ ತಪ್ಪು ಅಡ್ಡ ಬರುವುದು ಕಮ್ಮಿ. ಕಂಡ ವ್ಯತ್ಯಾಸ ನಿಜವಾದ ಓರೆಯ ಎರಡರಷ್ಟು, ಅದು ನೆನಪಿರಲಿ. ನಿಮ್ಮದು 30 ಆರ್ಕ್‌ಮಿನಿಟ್ ಆದರೆ ಓರೆ 15. ಕೊಳವೆ ಹಿಡಿದ ಎರಡು ಉಂಗುರಗಳ ನಡುವೆ 20 ಸೆಂಟಿಮೀಟರ್ ಇದ್ದರೆ ಒಂದು ಉಂಗುರದ ಕೆಳಗೆ ಮುಕ್ಕಾಲು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ದಪ್ಪದ ತುಂಡು ಸಾಕು. ಹಳೆ ಎಟಿಎಂ ಕಾರ್ಡ್ ಕತ್ತರಿಸಿ ಇಟ್ಟು ನೋಡಿ, ಹೆಚ್ಚುಕಮ್ಮಿ ಅಷ್ಟೇ ದಪ್ಪ. ಯಾವ ಉಂಗುರ ಅಂತ ಕೇಳಬೇಡಿ, ಒಂದಕ್ಕೆ ಇಟ್ಟು ತಪ್ಪು ಜಾಸ್ತಿಯಾದರೆ ಇನ್ನೊಂದಕ್ಕೆ.

ದೊಡ್ಡ ಟೆಲಿಸ್ಕೋಪಿನವರು ಮಾಡುವುದೂ ಇದನ್ನೇ. ಆಕಾಶದ ತುಂಬ ನಕ್ಷತ್ರಗಳಿಗೆ ತಿರುಗಿಸಿ, ತಪ್ಪುಗಳನ್ನೆಲ್ಲ ಬರೆದಿಟ್ಟು, ಇಷ್ಟು ಕೋನ್‌ನದು, ಇಷ್ಟು ಧ್ರುವದ್ದು, ಇಷ್ಟು ಕೊಳವೆ ಬಾಗಿದ್ದು ಅಂತ ಬಿಡಿಸುತ್ತಾರೆ. ಪ್ಯಾಟ್ರಿಕ್ ವಾಲೇಸ್ ಅವರ ಟಿಪಾಯಿಂಟ್ ಸಾಫ್ಟ್‌ವೇರ್ ಇರುವುದೇ ಅದಕ್ಕೆ. ನೀವು ಅದನ್ನು ಪೆನ್ಸಿಲ್ ಹಿಡಿದು ಅರ್ಧ ಮಾಡಿ ನಿಲ್ಲಿಸಿದ್ದೀರಿ.

ಒಂದು ಸಲಹೆಯಂತೂ ತಪ್ಪೇ ತಪ್ಪು. ಧ್ರುವ ನಕ್ಷತ್ರವನ್ನು ಪೋಲಾರ್ ಸ್ಕೋಪಿನ (ಮೌಂಟಿನ ಅಕ್ಷದೊಳಗಿನ ಪುಟ್ಟ ದೂರದರ್ಶಕ) ಸರಿಯಾಗಿ ನಡುವೆ ತನ್ನಿ ಅಂದಿದ್ದೀರಿ. ಅದು ನಿಜವಾದ ಧ್ರುವದಿಂದ 40 ಆರ್ಕ್‌ಮಿನಿಟಿಗೆ ಸ್ವಲ್ಪ ಕಮ್ಮಿ ದೂರದಲ್ಲಿದೆ, ಅಂದರೆ ಚಂದ್ರನ ಅಗಲಕ್ಕಿಂತ ಜಾಸ್ತಿ. ಅದನ್ನು ಸಣ್ಣ ವೃತ್ತದ ಮೇಲೆ, ಆ ಗಂಟೆಗೆ ತಕ್ಕ ಜಾಗದಲ್ಲಿ ಇಡಬೇಕು. ಬೆಂಗಳೂರಿನಲ್ಲಿ ಅದು ಬರೀ 13 ಡಿಗ್ರಿ ಎತ್ತರದಲ್ಲಿ, ಎದುರು ಮನೆಯ ತೆಂಗಿನಮರದ ಹಿಂದೆ ಇರುತ್ತದೆ. ಕಾಣದವರು ಡ್ರಿಫ್ಟ್ ವಿಧಾನ (ಬೇರೆ ನಕ್ಷತ್ರ ಯಾವ ಕಡೆ ಜಾರುತ್ತದೆ ಅಂತ ನೋಡಿ ಅಕ್ಷ ಸರಿಪಡಿಸುವುದು) ಹಿಡಿಯಬೇಕು. ಅದಕ್ಕೊಂದು ಪ್ಯಾರಾ ಕೊಡಿ.

ಹ್ಯಾಂಡ್ ಕಂಟ್ರೋಲರ್ ಬಗ್ಗೆ 'ಸರಿಯಾದ ಮಾಹಿತಿ ನಮೂದಿಸಿ' ಎಂದು ಮುಗಿಸಿದ್ದೀರಿ. ಜನ ಎಡವುವುದೇ ಅಲ್ಲಿ. ನಾನು ಮೊದಲ ರಾತ್ರಿ ಡೇಲೈಟ್ ಸೇವಿಂಗ್‌ಗೆ 'ಯೆಸ್' ಒತ್ತಿದ್ದೆ. ನಮ್ಮ ದೇಶದಲ್ಲಿ ಅದಿಲ್ಲ ಅನ್ನೋದು ಆ ಕತ್ತಲಲ್ಲಿ ಹೊಳೆಯಲಿಲ್ಲ. ಒಂದು ಗಂಟೆ ಅಂದರೆ 15 ಡಿಗ್ರಿ, ಟೆಲಿಸ್ಕೋಪ್ ಪಕ್ಕದ ಮನೆಯ ನೀರಿನ ಟ್ಯಾಂಕ್ ನೋಡುತ್ತಿತ್ತು. ಕೆಲವು ಕಂಟ್ರೋಲರ್ ತಿಂಗಳು ಮೊದಲು, ತಾರೀಕು ಆಮೇಲೆ ಕೇಳುತ್ತವೆ. ಬೆಂಗಳೂರಿನ ರೇಖಾಂಶ 77.59 ಅಂತ ಫೋನ್ ತೋರಿಸಿದರೆ ಅದು 77 ಡಿಗ್ರಿ 35 ಮಿನಿಟ್, 59 ಅಲ್ಲ. ಇವೆಲ್ಲ ಮೊದಲ ನಕ್ಷತ್ರವನ್ನು ತಪ್ಪಿಸುತ್ತವೆ. ಪೋಲಾರ್ ಅಲೈನ್‌ಮೆಂಟ್ ಸರಿಯಿದ್ದರೆ ಸಿಂಕ್ ಮಾಡಿದ (ನಕ್ಷತ್ರವನ್ನು ನಡುವೆ ತಂದು 'ಇದೇ ಅದು' ಅಂತ ಕಂಟ್ರೋಲರಿಗೆ ಹೇಳಿದ) ಮೇಲೆ ಇವು ಮಾಯ. ಅದಾದ ಮೇಲೂ ಉಳಿಯುವ ತಪ್ಪು ಬೇರೆ ಜಾತಿಯದು. ಈ ಗೆರೆ ಎಳೆದುಬಿಟ್ಟರೆ ಓದುಗರ ಅರ್ಧ ಗೊಂದಲ ಹೋಗುತ್ತದೆ.

ಎಷ್ಟು ನಿಖರತೆ ಬೇಕು ಅನ್ನುವುದನ್ನೂ ಹೇಳಿಲ್ಲ. ನಿಮ್ಮದು 1000 ಮಿ.ಮೀ. ಫೋಕಲ್ ಲೆಂಗ್ತ್. 50 ಡಿಗ್ರಿ ನೋಟದ 10 ಮಿ.ಮೀ. ಐಪೀಸಿನಲ್ಲಿ (ಕಣ್ಣಿಡುವ ಮಸೂರ) ಅರ್ಧ ಡಿಗ್ರಿ ಆಕಾಶ ಕಾಣುತ್ತದೆ, ಅಂದರೆ ನಡುವಿನಿಂದ 15 ಆರ್ಕ್‌ಮಿನಿಟ್ ತಪ್ಪಿದರೆ ಅಂಚಿಗೆ ಬಂತು. 25ರ ಐಪೀಸ್ ಹಾಕಿದ್ದರೆ ಆ ರಾತ್ರಿ ಎಂ67 ಅಂಚಿನ ಕಡೆಗಾದರೂ ಸಿಗುತ್ತಿತ್ತು. ಮಗಳಿಗೆ ಹೇಳಬೇಡಿ.

ಪ್ಲೇಟ್ ಸಾಲ್ವಿಂಗ್ (ಆಕಾಶದ ಫೋಟೋ ತೆಗೆದು, ಟೆಲಿಸ್ಕೋಪ್ ಎಲ್ಲಿ ನೋಡುತ್ತಿದೆ ಅಂತ ಸಾಫ್ಟ್‌ವೇರ್ ಗುರುತಿಸುವುದು) ಬಗ್ಗೆ ನಾಲ್ಕು ಸಾಲು ಸಾಕು. ಕ್ಯಾಮೆರಾ ಇದ್ದವರಿಗೆ ಈ ಪರದಾಟದಲ್ಲಿ ಮುಕ್ಕಾಲು ಪಾಲು ಇರುವುದೇ ಇಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಿಬಿಡಿ.

ಎಟಿಎಂ ಕಾರ್ಡ್ ಇಟ್ಟು, ಅದೇ ನಾಲ್ಕು ನಕ್ಷತ್ರಗಳನ್ನು ಮತ್ತೆ ಅಳೆದು, ಎರಡೂ ಸಲದ ಅಂಕಿ ಹಾಕಿ ಬರೆಯಿರಿ. ಕಮ್ಮಿಯಾಗದಿದ್ದರೆ ಹಾಗಂತಲೇ ಬರೆಯಿರಿ, ಆಗಲೂ ಹಾಕುತ್ತೇನೆ. ಬೇಗ ಮಾಡಿ. ಜೂನ್ ಬಂದರೆ ಮೋಡ, ಅಷ್ಟರಲ್ಲಿ ಮಘಾ ಕೂಡ ಬೇಗ ಮುಳುಗುತ್ತಿರುತ್ತದೆ.