ಒಂದೇ ತಾರೀಖಿನ ತಾರೆಯರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಸಂಘದಲ್ಲಿ ಸಿನಿಮಾ ಮೆಚ್ಚುವವರೂ ಇದ್ದಾರೆ, ಆಟದ ಹುಚ್ಚಿನವರೂ ಇದ್ದಾರೆ. ಒಂದೇ ದಿನ ಹುಟ್ಟಿದ ಕಲಾವಿದರನ್ನೂ ಆಟಗಾರರನ್ನೂ ಸೇರಿಸಿ ಒಂದು ಸಂಜೆಯ ಕಾರ್ಯಕ್ರಮ ಮಾಡಬೇಕು. ಯಾವ ತಾರೀಖು ಆರಿಸಿಕೊಳ್ಳಲಿ?

ಉತ್ತರ: ಕನ್ನಡದ ಪ್ರೇಕ್ಷಕರು ಎದುರಿಗಿದ್ದರೆ ಏಪ್ರಿಲ್ 24ನ್ನು ಮೀರಿಸುವ ತಾರೀಖು ಸಿಗುವುದು ಕಷ್ಟ. ಡಾ. ರಾಜ್‌ಕುಮಾರ್ (1929) ಮತ್ತು ಸಚಿನ್ ತೆಂಡೂಲ್ಕರ್ (1973) ಇಬ್ಬರೂ ಅಂದೇ ಹುಟ್ಟಿದವರು. ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸಂಡ್ (1942) ಅವರದೂ ಅದೇ ದಿನ. ಮಾರ್ಚ್ 17 ಕೂಡ ಅಷ್ಟೇ ಗಟ್ಟಿ: ಪುನೀತ್ ರಾಜ್‌ಕುಮಾರ್ (1975), ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸೈನಾ ನೆಹ್ವಾಲ್ (1990), ಜೊತೆಗೆ ನಟ ಜಗ್ಗೇಶ್ (1963).

ಸಂಗೀತ ಮುಖ್ಯವಾಗಬೇಕೆಂದರೆ ಜನವರಿ 6 ನೋಡಿ: ಕಪಿಲ್ ದೇವ್ (1959), ಎ.ಆರ್. ರೆಹಮಾನ್ (1967). ಇಲ್ಲವೇ ಜೂನ್ 27: ಆರ್.ಡಿ. ಬರ್ಮನ್ (1939), ಪಿ.ಟಿ. ಉಷಾ (1964). ನಮಗೆ ಹೆಚ್ಚು ಹಿಡಿಸುವುದು ಈ ಎರಡನೆಯದೇ. 1984ರ ಲಾಸ್ ಏಂಜಲೀಸ್‌ನಲ್ಲಿ ಉಷಾ 400 ಮೀಟರ್ ಹರ್ಡಲ್ಸ್ ಪದಕ ಕಳೆದುಕೊಂಡದ್ದು ಸೆಕೆಂಡಿನ ನೂರನೆಯ ಒಂದು ಭಾಗದ ಅಂತರದಲ್ಲಿ. ತಾಳ, ಲಯ, ಕ್ಷಣದ ಲೆಕ್ಕ ಎಂಬ ಎಳೆ ಹಿಡಿದರೆ ಸಂಗೀತಗಾರನನ್ನೂ ಓಟಗಾರ್ತಿಯನ್ನೂ ಒಟ್ಟಿಗೆ ಮಾತಾಡಿಸಬಹುದು.

ಆಗಸ್ಟ್ 29 ಹಾಕಿಯ ಧ್ಯಾನ್‌ಚಂದ್ (1905) ಹುಟ್ಟಿದ ದಿನ, ಭಾರತದಲ್ಲಿ ರಾಷ್ಟ್ರೀಯ ಕ್ರೀಡಾ ದಿನ. ಮೈಕೆಲ್ ಜಾಕ್ಸನ್ (1958) ಮತ್ತು ಹಾಲಿವುಡ್ ನಟಿ ಇಂಗ್ರಿಡ್ ಬರ್ಗ್‌ಮನ್ (1915) ಕೂಡ ಅಂದೇ ಹುಟ್ಟಿದವರು. ಬರ್ಗ್‌ಮನ್ ತೀರಿಕೊಂಡದ್ದೂ ಆಗಸ್ಟ್ 29ರಂದೇ, 1982ರಲ್ಲಿ. ಅಕ್ಟೋಬರ್ 17ಕ್ಕೆ ಅನಿಲ್ ಕುಂಬ್ಳೆ (1970), ಸ್ಮಿತಾ ಪಾಟೀಲ್ (1955) ಮತ್ತು 1996ರ ವಿಶ್ವಕಪ್ ಫೈನಲ್‌ನಲ್ಲಿ ಶತಕ ಹೊಡೆದ ಅರವಿಂದ ಡಿಸಿಲ್ವ (1965) ಸಿಗುತ್ತಾರೆ. ಡಿಸೆಂಬರ್ 12ಕ್ಕೆ ರಜನೀಕಾಂತ್ (1950), ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ (1915), ಯುವರಾಜ್ ಸಿಂಗ್ (1981). ಯುವರಾಜ್ ಅಂಗಿಯ ಮೇಲಿದ್ದ 12 ಎಂಬ ಸಂಖ್ಯೆಯೂ ಆ ತಾರೀಖಿನದೇ.

ಹೆಸರು ಎಷ್ಟಿರಬೇಕು ಎಂಬಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಒಂದೂವರೆ ಗಂಟೆಯ ಕಾರ್ಯಕ್ರಮಕ್ಕೆ ಮೂವರು ಸಾಕು, ನಾಲ್ವರು ಹೆಚ್ಚು. ಒಬ್ಬೊಬ್ಬರಿಗೆ 20 ನಿಮಿಷ ಕೊಡಿ: 5 ನಿಮಿಷ ಪರಿಚಯ, 10 ನಿಮಿಷ ಹಾಡು, ದೃಶ್ಯ ಅಥವಾ ಆಟದ ತುಣುಕು, 5 ನಿಮಿಷ ಸಭಿಕರ ಮಾತು. ಉಳಿದ ಅರ್ಧ ಗಂಟೆ ರಸಪ್ರಶ್ನೆಗೆ. ಇಪ್ಪತ್ತು ಜನರ ಭಾವಚಿತ್ರ ತೋರಿಸಿ ಹೆಸರು ಓದುತ್ತಾ ಹೋದರೆ ಆರನೆಯದಕ್ಕೇ ಜನ ಫೋನ್ ತೆಗೆಯುತ್ತಾರೆ.

ಪ್ರಶ್ನೆ: ಜಡೇಜ, ಬುಮ್ರಾ, ಶ್ರೇಯಸ್ ಅಯ್ಯರ್ ಮೂವರೂ ಡಿಸೆಂಬರ್ 6ರಂದು ಹುಟ್ಟಿದವರಂತೆ. ಒಂದೇ ತಂಡದಲ್ಲಿ ಹೀಗಾಗುವುದು ಸಾಧ್ಯವೇ?

ಉತ್ತರ: ನಿಜವೇ. ರವೀಂದ್ರ ಜಡೇಜ 1988, ಜಸ್‌ಪ್ರೀತ್ ಬುಮ್ರಾ 1993, ಶ್ರೇಯಸ್ 1994. ತ್ರಿಶತಕದ ಕರುಣ್ ನಾಯರ್ (1991), ಎಡಗೈ ವೇಗಿ ಆರ್.ಪಿ. ಸಿಂಗ್ (1985) ಮತ್ತು ಇಂಗ್ಲೆಂಡಿನ ಆಂಡ್ರ್ಯೂ ಫ್ಲಿಂಟಾಫ್ (1977) ಕೂಡ ಡಿಸೆಂಬರ್ 6ರವರೇ.

ಇಬ್ಬರ ಹುಟ್ಟಿದ ದಿನ ಒಂದೇ ಆಗುವುದು ಜನ ಅಂದುಕೊಂಡಷ್ಟು ಅಪರೂಪವಲ್ಲ. 23 ಜನ ಸೇರಿದರೆ ಅವರಲ್ಲಿ ಯಾರಾದರೂ ಇಬ್ಬರ ತಾರೀಖು ಕೂಡಿಬರುವ ಸಾಧ್ಯತೆ ಶೇ 50.7. ಕಾರಣ, ನಾವು ಎಣಿಸಬೇಕಾದದ್ದು ತಲೆಗಳನ್ನಲ್ಲ, ಜೋಡಿಗಳನ್ನು. 23 ಜನರಲ್ಲಿ 23×22÷2, ಅಂದರೆ 253 ಜೋಡಿಗಳಿವೆ. ಒಂದೊಂದು ಜೋಡಿಗೂ 365ರಲ್ಲಿ ಒಂದು ಅವಕಾಶ. ಹನ್ನೊಂದು ಜನರ ಕ್ರಿಕೆಟ್ ತಂಡದಲ್ಲಿ ಈ ಸಾಧ್ಯತೆ ಶೇ 14, ಮೈದಾನದ 22 ಫುಟ್‌ಬಾಲ್ ಆಟಗಾರರಲ್ಲಿ ಶೇ 47.6; ರೆಫ್ರಿಯನ್ನೂ ಸೇರಿಸಿಕೊಂಡರೆ ಅರ್ಧ ದಾಟುತ್ತದೆ. 2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ 23 ಆಟಗಾರರ 32 ತಂಡಗಳಿದ್ದವು. ಅವುಗಳಲ್ಲಿ ಸರಿಯಾಗಿ 16 ತಂಡಗಳಲ್ಲಿ ಇಂಥ ಜೋಡಿ ಸಿಕ್ಕಿತ್ತು.

ಮೂವರದು ಬೇರೆ ಲೆಕ್ಕ. 2023ರ ಏಕದಿನ ವಿಶ್ವಕಪ್‌ಗೆ ಹೋದ ಭಾರತದ 15ರ ತಂಡದಲ್ಲಿ ಈ ಮೂವರೂ ಇದ್ದರು. 15 ಜನರಲ್ಲಿ ಮೂವರ ತಾರೀಖು ಒಂದೇ ಆಗುವ ಸಾಧ್ಯತೆ ಸಾವಿರಕ್ಕೆ ಮೂರು ನಾಲ್ಕು ಮಾತ್ರ. ಅಪರೂಪ ಎನ್ನಲು ಅಡ್ಡಿಯಿಲ್ಲ, ಪವಾಡ ಎನ್ನುವಂತಿಲ್ಲ. ಜಗತ್ತಿನಲ್ಲಿ ತಂಡಗಳು ಅಷ್ಟಿವೆ.

‘ನನ್ನ ಹುಟ್ಟಿದ ದಿನವೇ ಹುಟ್ಟಿದವರು ಈ ಗುಂಪಿನಲ್ಲಿ ಇದ್ದಾರೆಯೇ’ ಎಂದು ಕೇಳಿದರೆ 23 ಸಾಲದು. ನಿಗದಿಯಾದ ಒಂದು ತಾರೀಖಿಗೆ ಅರ್ಧದಷ್ಟು ಸಾಧ್ಯತೆ ಬರಲು 253 ಜನ ಬೇಕು. ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದಲೇ ಲೆಕ್ಕ ನಂಬಲಾಗದಂತೆ ಕಾಣುತ್ತದೆ.

ಪ್ರಶ್ನೆ: ಒಬ್ಬರ ಹುಟ್ಟಿದ ದಿನ ಒಂದೊಂದು ಕಡೆ ಒಂದೊಂದು ಇರುತ್ತದೆ. ಯಾವುದನ್ನು ನಂಬುವುದು?

ಉತ್ತರ: ಪಟ್ಟಿ ಮಾಡುವವರು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಮೊದಲು, ತಾರೀಖು ಏಕೆ ಎರಡಾಗುತ್ತದೆ ಎಂದು ನೋಡೋಣ.

ದಾಖಲೆಯಲ್ಲೇ ತಪ್ಪಿರಬಹುದು. ಪೆಲೆ ಹುಟ್ಟಿದ್ದು 1940ರ ಅಕ್ಟೋಬರ್ 23ರಂದು. ಜನನ ಪತ್ರದಲ್ಲಿ ಇದ್ದದ್ದು 21. ಇನ್ನು, ಆ ವ್ಯಕ್ತಿಯೇ ಬೇರೆ ದಿನ ನಂಬಿಕೊಂಡಿರಬಹುದು. ಜಾಝ್ ಕಹಳೆಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಜೀವನವಿಡೀ ತಾನು 1900ರ ಜುಲೈ 4ರಂದು ಹುಟ್ಟಿದವನು ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಸಿಕ್ಕಿದ ಚರ್ಚಿನ ದೀಕ್ಷಾಸ್ನಾನದ ದಾಖಲೆ ಹೇಳಿದ್ದು 1901ರ ಆಗಸ್ಟ್ 4. ಆಚರಣೆಯ ದಿನವನ್ನೇ ಬದಲಿಸಿಕೊಂಡವರೂ ಇದ್ದಾರೆ: ಇಳಯರಾಜ ಹುಟ್ಟಿದ್ದು ಜೂನ್ 3ರಂದು. ಅದು ಕರುಣಾನಿಧಿ ಅವರ ಹುಟ್ಟಿದ ದಿನವೂ ಆದ್ದರಿಂದ ತಮ್ಮದನ್ನು ಜೂನ್ 2ಕ್ಕೆ ಆಚರಿಸಿಕೊಳ್ಳುತ್ತಾರೆ. ಕೆಲವೊಮ್ಮೆ ತಾರೀಖು ಸರಿ, ಇಸವಿಯದೇ ತಕರಾರು. ಪಾಕಿಸ್ತಾನದ ಶಾಹಿದ್ ಅಫ್ರಿದಿ ಆಡುತ್ತಿದ್ದಾಗಿನ ಕ್ರಿಕೆಟ್ ದಾಖಲೆಗಳಲ್ಲಿ 1980ರ ಮಾರ್ಚ್ 1ರವರು. 2019ರಲ್ಲಿ ಬಂದ ಆತ್ಮಕಥೆಯಲ್ಲಿ ಕೊಟ್ಟ ಇಸವಿ 1975.

ಕ್ಯಾಲೆಂಡರ್ ಬದಲಾದದ್ದು ಇನ್ನೊಂದು ಕಾರಣ. ರಷ್ಯಾ 1918ರವರೆಗೆ ಹಳೆಯ ಜೂಲಿಯನ್ ಪಂಚಾಂಗದಲ್ಲಿತ್ತು. ಹೀಗಾಗಿ ಸಂಗೀತಗಾರ ರಾಖ್ಮನಿನೋವ್ ಹುಟ್ಟಿದ ದಿನ ಅಲ್ಲಿಯ ಲೆಕ್ಕದಲ್ಲಿ 1873ರ ಮಾರ್ಚ್ 20, ಈಗಿನ ಲೆಕ್ಕದಲ್ಲಿ ಏಪ್ರಿಲ್ 1. ಹತ್ತೊಂಬತ್ತನೆಯ ಶತಮಾನಕ್ಕೆ 12 ದಿನ, ಇಪ್ಪತ್ತನೆಯದಕ್ಕೆ 13 ದಿನ ಕೂಡಿಸಬೇಕು. ಎರಡು ಮೂಲಗಳ ನಡುವಿನ ಅಂತರ ಸರಿಯಾಗಿ 12 ಅಥವಾ 13 ದಿನವಿದ್ದರೆ ಮೊದಲು ಈ ಅನುಮಾನ ಬರಲಿ.

ಪರಿಶೀಲಿಸುವ ಕ್ರಮ ಹೀಗಿರಲಿ. ಆಟಗಾರರಿಗೆ ಅವರ ಆಟದ ಅಂತರರಾಷ್ಟ್ರೀಯ ಸಂಸ್ಥೆ ಅಥವಾ ಒಲಿಂಪಿಕ್ಸ್ ಸಮಿತಿಯ ಪುಟ ನೋಡಿ. ಕಲಾವಿದರಿಗೆ ಅವರದೇ ಅಧಿಕೃತ ಖಾತೆ, ಆತ್ಮಕಥೆ, ಇಲ್ಲವೇ ಪತ್ರಿಕೆಗಳ ಹಳೆಯ ಸಂಚಿಕೆ. ಎರಡನೆಯ ಮೂಲ ಮೊದಲನೆಯದರಿಂದಲೇ ನಕಲಾದದ್ದಲ್ಲ ಎಂದು ಖಚಿತಪಡಿಸಿಕೊಳ್ಳಿ. ಅಂತರ್ಜಾಲದ ಹತ್ತು ಪಟ್ಟಿಗಳು ಒಂದೇ ತಪ್ಪನ್ನು ಹತ್ತು ಸಲ ಹೇಳಿದರೆ ಅದು ಹತ್ತು ಸಾಕ್ಷಿಯಲ್ಲ. ಜನವರಿ 1 ಎಂದು ಕಂಡರೆ ಇನ್ನೊಮ್ಮೆ ನೋಡಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಅರ್ಜಿ ತುಂಬುವಾಗ ಹಾಕಿಬಿಡುವ ತಾರೀಖು ಅದು. ಇಷ್ಟಾದರೂ ಎರಡು ತಾರೀಖು ಉಳಿದರೆ ಆ ಹೆಸರನ್ನು ಬಿಟ್ಟುಬಿಡಿ. ವರ್ಷದ ಯಾವ ದಿನಕ್ಕೂ ಹೆಸರಿನ ಬರ ಇಲ್ಲ.

ಪ್ರಶ್ನೆ: ರಾಜ್‌ಕುಮಾರ್ ಶತಮಾನೋತ್ಸವ 2028ಕ್ಕೋ 2029ಕ್ಕೋ? ಫಲಕದಲ್ಲಿ ಏನು ಬರೆಯಬೇಕು?

ಉತ್ತರ: ನೂರು ವರ್ಷ ತುಂಬುವುದು 2029ರ ಏಪ್ರಿಲ್ 24ಕ್ಕೆ. ಶತಮಾನೋತ್ಸವ ವರ್ಷ ಎಂದು ಒಂದಿಡೀ ವರ್ಷ ಆಚರಿಸುವುದಾದರೆ ಅದು 2028ರ ಏಪ್ರಿಲ್ 24ರಂದು ಶುರುವಾಗುತ್ತದೆ. ಎರಡೂ ಸರಿ, ಆದರೆ 2028ರ ಫಲಕದಲ್ಲಿ ‘ನೂರು ತುಂಬಿದ’ ಎಂದು ಬರೆದರೆ ತಪ್ಪು. ತೀರಿಕೊಂಡವರಿಗೆ ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ಮುದ್ರಿಸಿಬಿಡುವುದು ಇನ್ನೊಂದು ಎಡವಟ್ಟು. ಅದೇ ಫಲಕದಲ್ಲಿ ಬದುಕಿರುವವರೂ ಇದ್ದರೆ ಎಲ್ಲರಿಗೂ ಹೊಂದುವಂತೆ ‘ಜನ್ಮದಿನದ ನೆನಪು’ ಎಂದಿಟ್ಟು, ಶುಭಾಶಯವನ್ನು ಬದುಕಿರುವವರ ಹೆಸರಿನ ಕೆಳಗೆ ಮಾತ್ರ ಹಾಕಿ.

ಪ್ರಶ್ನೆ: ರಸಪ್ರಶ್ನೆ ಮಾಡಿದೆವು, ಸಪ್ಪೆಯಾಯಿತು. ‘ಇವರು ಹುಟ್ಟಿದ್ದು ಯಾವಾಗ’ ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ.

ಉತ್ತರ: ತಾರೀಖು ಉತ್ತರವಾಗಬಾರದು, ಸುಳಿವಾಗಬೇಕು. ಒಂದೇ ದಿನ ಹುಟ್ಟಿದ ಇಬ್ಬರ ಹೆಸರು ಕೊಟ್ಟು ಮೂರನೆಯವರನ್ನು ಕೇಳಿ, ಅದೂ ಮೂರು ಹಂತದಲ್ಲಿ. ಒಂದು ಮಾದರಿ: ‘ಆಗಸ್ಟ್ 21. ಗಾಯಕ ಕೆನ್ನಿ ರೋಜರ್ಸ್ ಹುಟ್ಟಿದ ದಿನ. 1962ರಲ್ಲಿ ಒಂದೇ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಅಂಕ ಗಳಿಸಿದ ವಿಲ್ಟ್ ಚೇಂಬರ್ಲಿನ್ ಅವರದೂ ಅದೇ ದಿನ. ಮೂರನೆಯವರು ಓಟಗಾರ.’ ಇಲ್ಲಿಗೇ ಹೇಳಿದವರಿಗೆ 10 ಅಂಕ. ‘ಜಮೈಕಾದವರು’ ಎಂದ ಮೇಲೆ 6. ‘9.58 ಸೆಕೆಂಡ್’ ಎಂದ ಮೇಲೆ 3. ಉಸೇನ್ ಬೋಲ್ಟ್ ಹೆಸರು ಅಲ್ಲಿಗಂತೂ ಬಂದೇ ಬರುತ್ತದೆ.

ಜುಲೈ 7ರಂಥ ತಾರೀಖು ಇನ್ನೂ ಸೊಗಸು. ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ (1940) ಹೆಸರು ಹೇಳಿ, ‘ಏಳನೆಯ ತಿಂಗಳ ಏಳರಂದು ಹುಟ್ಟಿ ಏಳನ್ನೇ ಬೆನ್ನಿಗೆ ಹಾಕಿಕೊಂಡವರು’ ಎಂದರೆ ಧೋನಿ ಹೆಸರು ಕೂಗುವವರು ಒಬ್ಬಿಬ್ಬರಲ್ಲ.

ಅರ್ಧ ಗಂಟೆಗೆ 15 ಪ್ರಶ್ನೆ ಸಾಕು, ಹಂತಕ್ಕೆ 20 ಸೆಕೆಂಡ್. ಸಿನಿಮಾ, ಆಟ, ಸಂಗೀತ ಬೆರೆತಿರಲಿ. ಮೊದಲ ಐದೂ ಕ್ರಿಕೆಟ್ಟೇ ಆದರೆ ಅರ್ಧ ಸಭೆ ಕೈಬಿಟ್ಟಿತೆಂದೇ ಲೆಕ್ಕ. ಜಗಳ ಹುಟ್ಟುವುದು ಸಾಮಾನ್ಯವಾಗಿ ‘ಒಂದೇ ದಿನ’ ಎನ್ನುವಲ್ಲಿ. ತಾರೀಖು ಮಾತ್ರವೋ ಇಸವಿಯೂ ಸೇರಿಯೋ ಎಂದು ಮೊದಲೇ ಹೇಳಿಬಿಡಿ.

ಪ್ರಶ್ನೆ: ಇಸವಿ ಸಮೇತ ಒಂದೇ ದಿನ ಹುಟ್ಟಿದ ತಾರೆಯರು ಇದ್ದಾರೆಯೇ? ಅವರ ಜಾತಕ, ಸ್ವಭಾವ ಒಂದೇ ಇರುತ್ತದೆಯೇ?

ಉತ್ತರ: ಇದ್ದಾರೆ. ನಟ ರಣಬೀರ್ ಕಪೂರ್ ಮತ್ತು 2008ರ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಶೂಟರ್ ಅಭಿನವ್ ಬಿಂದ್ರಾ ಇಬ್ಬರೂ 1982ರ ಸೆಪ್ಟೆಂಬರ್ 28ರವರು. ವಿನೋದ್ ಖನ್ನಾ ಮತ್ತು ಇಂಗ್ಲೆಂಡ್ ಕ್ರಿಕೆಟ್ ನಾಯಕ ಟೋನಿ ಗ್ರೇಗ್ 1946ರ ಅಕ್ಟೋಬರ್ 6ರವರು. ಸ್ವಭಾವದ ಮಾತಿಗೆ ಈ ಜೋಡಿಗಳೇ ಉತ್ತರ. ಹತ್ತು ಮೀಟರ್ ದೂರದ ಗುರಿಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವವರಿಗೂ ಕ್ಯಾಮೆರಾ ಮುಂದೆ ಕುಣಿಯುವವರಿಗೂ ತಾರೀಖು ಬಿಟ್ಟು ಬೇರೆ ಹೋಲಿಕೆ ಹುಡುಕುವುದು ಕಷ್ಟ.

ಹುಟ್ಟಿದ ತಿಂಗಳು ಆಟಗಾರರ ಮೇಲೆ ಪ್ರಭಾವ ಬೀರುವುದು ಬೇರೊಂದು ದಾರಿಯಲ್ಲಿ, ಅದಕ್ಕೂ ಗ್ರಹಗಳಿಗೂ ಸಂಬಂಧವಿಲ್ಲ. ಕಿರಿಯರ ತಂಡಗಳಿಗೆ ವಯಸ್ಸಿನ ಗಡಿ ಜನವರಿ 1 ಎಂದಿದ್ದರೆ, ಜನವರಿಯಲ್ಲಿ ಹುಟ್ಟಿದ ಹುಡುಗ ಡಿಸೆಂಬರಿನವನಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವನು. ಎತ್ತರ, ಬಲ ಹೆಚ್ಚು. ಆಯ್ಕೆ ಅವನದೇ, ಒಳ್ಳೆಯ ತರಬೇತಿಯೂ ಅವನಿಗೇ. ಫುಟ್‌ಬಾಲ್, ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳ ಆಟಗಾರರು ಹೆಚ್ಚಿರುವುದಕ್ಕೆ ಇದು ಕಾರಣ. ಫೆಬ್ರುವರಿ 5ರಂದೇ ಕ್ರಿಸ್ಟಿಯಾನೊ ರೊನಾಲ್ಡೊ (1985), ನೇಮಾರ್ (1992), ಕಾರ್ಲೋಸ್ ಟೆವೆಜ್ (1984) ಹುಟ್ಟಿದ್ದು ಮಾತ್ರ ಕಾಕತಾಳೀಯವೇ. ಈ ನಿಯಮ ತಿಂಗಳುಗಳನ್ನು ವಿವರಿಸುತ್ತದೆ, ತಾರೀಖನ್ನಲ್ಲ.

ಪ್ರಶ್ನೆ: ಫೆಬ್ರುವರಿ 29ರವರನ್ನು ಬೇರೆ ವರ್ಷಗಳಲ್ಲಿ ಎಂದು ನೆನೆಯಬೇಕು?

ಉತ್ತರ: 28 ಅಥವಾ ಮಾರ್ಚ್ 1, ಎರಡೂ ನಡೆಯುತ್ತದೆ, ಒಮ್ಮೆ ಆರಿಸಿದ್ದನ್ನು ಬದಲಿಸಬೇಡಿ. ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ (1904) ಮತ್ತು ಐಸ್ ಹಾಕಿಯಲ್ಲಿ 11 ಬಾರಿ ಸ್ಟಾನ್ಲಿ ಕಪ್ ಗೆದ್ದ ಆನ್ರಿ ರಿಷಾರ್ (1936) ಆ ದಿನದವರು. 2100 ಅಧಿಕ ವರ್ಷವಲ್ಲ ಎಂಬುದು ರಸಪ್ರಶ್ನೆಗೆ ಒಳ್ಳೆಯ ಸಾಮಗ್ರಿ.

ಪ್ರಶ್ನೆ: ತಾರೀಖು ಕೊಟ್ಟರೆ ಹುಟ್ಟಿದ ವಾರ ಯಾವುದೆಂದು ಬಾಯಿಲೆಕ್ಕದಲ್ಲೇ ಹೇಳುವವರಿದ್ದಾರೆ. ಹೇಗೆ?

ಉತ್ತರ: ತಿಂಗಳಿಗೊಂದು ಅಂಕಿ ಬಾಯಿಪಾಠ ಮಾಡಬೇಕು. ಜನವರಿಯಿಂದ ಕ್ರಮವಾಗಿ 1, 4, 4, 0, 2, 5, 0, 3, 6, 1, 4, 6. ಇಸವಿಯ ಕೊನೆಯ ಎರಡಂಕಿ, ಅದನ್ನು 4ರಿಂದ ಭಾಗಿಸಿದಾಗ ಬರುವ ಪೂರ್ಣ ಸಂಖ್ಯೆ, ತಿಂಗಳ ಅಂಕಿ, ತಾರೀಖು ನಾಲ್ಕನ್ನೂ ಕೂಡಿಸಿ 7ರಿಂದ ಭಾಗಿಸಿ. ಶೇಷ 1 ಆದರೆ ಭಾನುವಾರ, 2 ಸೋಮವಾರ, ಹೀಗೆ. 0 ಬಂದರೆ ಶನಿವಾರ. ಸಚಿನ್‌ಗೆ 73+18+0+24=115, ಶೇಷ 3, ಮಂಗಳವಾರ. ರಾಜ್‌ಕುಮಾರ್‌ಗೆ 29+7+0+24=60, ಶೇಷ 4, ಬುಧವಾರ.

ತಪ್ಪುವುದು ಎರಡು ಕಡೆ. ಅಧಿಕ ವರ್ಷದ ಜನವರಿ, ಫೆಬ್ರುವರಿಗೆ ಮೊತ್ತದಲ್ಲಿ 1 ಕಳೆಯಬೇಕು: ರಿಷಾರ್‌ಗೆ 36+9+4+29−1=77, ಶೇಷ 0, ಶನಿವಾರ. 2000ದಿಂದ ಈಚೆಗೆ ಹುಟ್ಟಿದವರಿಗೂ ಇನ್ನೊಂದು 1 ಕಳೆಯಬೇಕು.

ಪ್ರಶ್ನೆ: ಕಾರ್ಯಕ್ರಮದಲ್ಲಿ ಹಾಡು ಹಾಕಲು, ಫಲಕದಲ್ಲಿ ಫೋಟೊ ಬಳಸಲು ಅನುಮತಿ ಬೇಕೇ?

ಉತ್ತರ: ಮನೆಯೊಳಗೆ ನಾಲ್ಕು ಜನ ಕೂತು ಕೇಳುವುದಕ್ಕೆ ಬೇಡ. ಸಾರ್ವಜನಿಕ ಸಭೆಯಲ್ಲಿ ಧ್ವನಿಮುದ್ರಿತ ಹಾಡು ನುಡಿಸಿದರೆ ಹಕ್ಕು ಎರಡು ಬಗೆ: ಸಾಹಿತ್ಯ, ಸಂಗೀತದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಒಂದಕ್ಕೆ ಪರವಾನಗಿ ಪಡೆದು ಇನ್ನೊಂದನ್ನು ಮರೆಯುವವರೇ ಹೆಚ್ಚು. ವೇದಿಕೆಯ ಮೇಲೆ ನೀವೇ ಹಾಡಿದರೆ ಎರಡನೆಯದು ಬೇಕಾಗುವುದಿಲ್ಲ. ಫೋಟೊಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಷರತ್ತಿಗೆ ಒಳಪಟ್ಟು ಯಾರೂ ಬಳಸಬಹುದೆಂದು ತೆಗೆದವರೇ ಬಿಟ್ಟುಕೊಟ್ಟ) ಚಿತ್ರ ಹುಡುಕಿ, ತೆಗೆದವರ ಹೆಸರನ್ನು ಚಿತ್ರದ ಕೆಳಗೇ ಹಾಕಿ. ಪ್ರಾಯೋಜಕರಿದ್ದರೆ ಅವರ ಲಾಂಛನವನ್ನು ತಾರೆಯ ಮುಖದ ಪಕ್ಕದಲ್ಲಿ ಇಡಬೇಡಿ. ಆ ತಾರೆಯೇ ಆ ಸರಕಿನ ಪ್ರಚಾರಕ್ಕೆ ನಿಂತಂತೆ ಕಂಡರೆ ತಕರಾರು ಖಂಡಿತ. ಲಾಂಛನಗಳಿಗೆ ಫಲಕದ ಕೆಳಗೆ ಬೇರೆಯೇ ಒಂದು ಪಟ್ಟಿ ಬಿಡಿ.