ಕಾಸರಗೋಡಿನಲ್ಲಿ ಕೌನ್ಸೆಲಿಂಗ್: ಅರ್ಥವಾಯಿತು ಅಂದುಕೊಳ್ಳುವ ಮುನ್ನ

ಕುಂಬಳೆ ಕಡೆ ಹೊಸದಾಗಿ ಕೌನ್ಸೆಲರ್ ಆಗಿ ಸೇರಿದ್ದೀರಿ. ನಿಮಗೆ ಬರುವುದು ಕನ್ನಡ, ಮಲಯಾಳ ಅರ್ಧಂಬರ್ಧ. ಬರುವವರು ತುಳು, ಬ್ಯಾರಿ, ಮಲಯಾಳ, ಕೊಂಕಣಿ ಮನೆಗಳವರು. ಯಾರಿಗೂ ನೋವಾಗದಂತೆ ಮಾತಾಡುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲಿ ಆಚಾರ ತಿಳಿಯದೆ ಆಗುವ ತಪ್ಪಿಗಿಂತ, ಮಾತು ಅರ್ಥವಾಯಿತು ಅಂದುಕೊಂಡು ಆಗುವ ತಪ್ಪೇ ದೊಡ್ಡದು.

‘ಉಪದ್ರ’ವನ್ನೇ ನೋಡಿ. ನಮ್ಮ ಕನ್ನಡದಲ್ಲಿ ಅದು ಕಿರಿಕಿರಿ. ತುಳು ಮನೆಯಲ್ಲಿ ದೈವದ ಉಪದ್ರವೂ ಇರಬಹುದು. ಮಲಯಾಳದ ಹುಡುಗಿ ‘ಉಪದ್ರವಿಚ್ಚು’ ಎಂದರೆ ಹೊಡೆದ, ಮೈಮೇಲೆ ಕೈಮಾಡಿದ ಎಂದಿರಬಹುದು. ಕಿರಿಕಿರಿ ಎಂದು ಬರೆದುಕೊಂಡಿರೋ, ದೌರ್ಜನ್ಯ ನಿಮ್ಮ ಕಣ್ತಪ್ಪಿತು. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಗುಟ್ಟು ಕಾಯುತ್ತೇನೆ ಎನ್ನುವಾಗಲೇ ಈ ಮಿತಿಯನ್ನೂ ಹೇಳಿಬಿಡಿ. ಮಲಯಾಳದ ‘ವಿಷಮಂ’ ಬೇಸರ, ಸಂಕಟ. ನಮ್ಮ ವಿಷಮ ಸ್ಥಿತಿಯಲ್ಲ. ‘ಸಂಸಾರಂ’ ಅಂದರೆ ಮಾತು. ತುಳುವಿನ ‘ಮಂಡೆಬೆಚ್ಚ’ ಜ್ವರವಲ್ಲ, ಚಿಂತೆ.

ಹಾಗಾಗಿ ಅವರಾಡಿದ ಪದವನ್ನು ಇದ್ದ ಹಾಗೇ ಬರೆದುಕೊಳ್ಳಿ. ‘ಅಂದರೆ ಏನಾಯಿತು? ಆಗ ಮೈಗೆ ಏನಾಗುತ್ತದೆ? ಇದು ಯಾಕೆ ಬಂತು ಅಂತ ಮನೆಯವರು ಹೇಳುತ್ತಾರೆ?’ ಎಂದು ಕೇಳಿ. ಮಾನಸಿಕ ಕಾಯಿಲೆ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ–5ರಲ್ಲಿ ಸಂಸ್ಕೃತಿಯ ಹಿನ್ನೆಲೆ ಅರಿಯಲೆಂದೇ 16 ಪ್ರಶ್ನೆಗಳ ಸಂದರ್ಶನ ಇದೆ. ಓದಿಟ್ಟುಕೊಳ್ಳಿ, ಆದರೆ ಫಾರ್ಮ್ ತುಂಬಿಸಿದಂತೆ ಕೇಳಬೇಡಿ.

ದುಭಾಷಿ ಬೇಕಾದರೆ ಗಂಡ, ಅತ್ತೆ, ಮಕ್ಕಳು ಬೇಡವೇ ಬೇಡ. ನೆರೆಮನೆಯವರೂ ಬೇಡ, ಊರು ಚಿಕ್ಕದು. ದುಭಾಷಿ ಪಕ್ಕಕ್ಕಿರಲಿ, ನೀವು ನೋಡಬೇಕಾದ್ದು ಬಂದವರ ಮುಖ. ಎರಡೆರಡೇ ವಾಕ್ಯ ಹೇಳಿ, ಅನುವಾದವಾಗಲು ಬಿಡಿ. 50 ನಿಮಿಷದ ಮಾತಿಗೆ 80–90 ನಿಮಿಷ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹೇಳಬೇಕಾದ್ದು ಬಾಗಿಲ ಬಳಿ ಹೊರಬೀಳುತ್ತದೆ. ಗಲ್ಫಿನಲ್ಲಿರುವ ಗಂಡ ಫೋನಿನಲ್ಲಿ ಸೇರುತ್ತೇನೆ ಎಂದರೆ ಮೊದಲು ಹೆಂಡತಿಯ ಜೊತೆ ಒಬ್ಬಳೇ ಇರುವಾಗ ಮಾತಾಡಿ, ಒಪ್ಪಿಗೆ ಕೇಳಿ.

ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದ್ದೇವೆ, ಉಸ್ತಾದರಲ್ಲಿಗೆ (ಮುಸ್ಲಿಂ ಧರ್ಮಗುರುಗಳಲ್ಲಿಗೆ) ಹೋಗಿದ್ದೇವೆ ಎಂದರೆ ಮೂಢನಂಬಿಕೆ ಎನ್ನಬೇಡಿ. ಹಾಗೆ ಹೇಳಿದರೆ ಮುಂದೆ ನಿಮಗೆ ಹೇಳುವುದನ್ನೇ ನಿಲ್ಲಿಸುತ್ತಾರೆ, ಹೋಗುವುದನ್ನಲ್ಲ. ಅಲ್ಲಿ ಏನು ಹೇಳಿದರು, ಮನಸ್ಸಿಗೆ ಸಮಾಧಾನ ಆಯಿತೇ ಎಂದು ಕೇಳಿ. ಗಟ್ಟಿಯಾಗಿ ಬೇಡ ಎನ್ನಬೇಕಾದ್ದು ಎರಡಕ್ಕೆ: ಹೊಡೆಯುವುದು–ಕಟ್ಟಿಹಾಕುವುದು, ಮತ್ತು ಡಾಕ್ಟರು ಕೊಟ್ಟ ಮಾತ್ರೆ ಬಿಡಿಸುವುದು.

ಮಾತ್ರೆಯ ವಿಷಯದಲ್ಲಿ ರಂಜಾನ್ ಬರುವ ಮೊದಲೇ ಎಚ್ಚರ ಬೇಕು. ಮನಸ್ಸಿನ ಏರಿಳಿತ ಹತೋಟಿಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರಿಲ್ಲದೆ ಉಪವಾಸವಿದ್ದರೆ ರಕ್ತದಲ್ಲಿ ಅದರ ಮಟ್ಟ ಏರಿ ಅಪಾಯವಾಗಬಹುದು. ಉಪವಾಸ ಬಿಡಿ ಎಂದಾಗಲೀ ಮಾತ್ರೆಯ ಹೊತ್ತು ಬದಲಿಸಿ ಎಂದಾಗಲೀ ನೀವು ಹೇಳಬೇಡಿ, ಮನೋವೈದ್ಯರಲ್ಲಿಗೆ ಮೊದಲೇ ಕಳಿಸಿ.

ಸಾಯುವ ಯೋಚನೆ ಇದೆಯೇ ಎಂಬುದನ್ನು ಅವರ ಮನೆಮಾತಿನಲ್ಲೇ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಆ ಒಂದು ಪ್ರಶ್ನೆಯನ್ನು ತುಳು, ಮಲಯಾಳ, ಬ್ಯಾರಿಯಲ್ಲಿ ಈ ವಾರವೇ ಕಲಿಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ. ನಂಬರನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಿ.